ಹುಡ್ಗೀರಿಗೆ ದಮ್ಮಿಲ್ಲ ಅಂತೀರಲ್ಲ, ಮ್ಯಾಚಲ್ಲಿ ಅವ್ರ ಮೈಗೆ ಏನಾಗುತ್ತೆ ಅಂತ ಒಂದ್ಸಲ ನೋಡಿ

ಚಿಕ್ಕಮಗಳೂರಿನ ಸುಭಾಷ್‌ಚಂದ್ರ ಬೋಸ್ ಮೈದಾನದಲ್ಲೋ, ಇಲ್ಲ ಯಾವ್ದೋ ಹೈಸ್ಕೂಲ್ ಗ್ರೌಂಡಲ್ಲೋ ಹುಡ್ಗೀರ ಫುಟ್ಬಾಲ್ ಮ್ಯಾಚ್ ನಡೀತಿದ್ರೆ ಸೆಕೆಂಡ್ ಹಾಫ್ ಅರ್ಧ ಕಳೆಯೋಷ್ಟರಲ್ಲಿ ಒಂದು ಮಾತು ಬಂದೇ ಬರುತ್ತೆ. "ಹುಡ್ಗೀರಿಗೆ ದಮ್ಮಿಲ್ಲ ಕಣ್ರೀ." ಹೇಳೋರು ಕೆಟ್ಟೋರಲ್ಲ, ಕಣ್ಣಿಗೆ ಕಂಡಿದ್ದನ್ನ ಹೇಳ್ತಾರೆ ಅಷ್ಟೆ. ಮಿಡ್‌ಫೀಲ್ಡಲ್ಲಿ ಇಬ್ರು ಸೊಂಟದ ಮೇಲೆ ಕೈ ಇಟ್ಕೊಂಡು ನಿಂತಿರ್ತಾರೆ, ಬಾಲ್ ಪಕ್ಕದಲ್ಲೇ ಹೋದ್ರೂ ಯಾರೂ ಹಿಂದೆ ಓಡಲ್ಲ. ಮಾರನೇ ದಿನ ಪೀಟಿ ಮೇಷ್ಟ್ರು ಇದಕ್ಕೊಂದು ಔಷಧಿ ಕೊಡ್ತಾರೆ, ಗ್ರೌಂಡ್ ಸುತ್ತ ಹತ್ತು ರೌಂಡು. ನಂಗೆ ಅನ್ಸೋದು ಏನಂದ್ರೆ ಇಲ್ಲಿ ಕಾಯಿಲೆ ಗುರ್ತಿಸಿದ್ದೂ ತಪ್ಪು, ಕೊಟ್ಟ ಔಷಧಿನೂ ತಪ್ಪು. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಮೊದ್ಲು ದೂರದ ಲೆಕ್ಕ ಮುಗಿಸ್ಬಿಡೋಣ. ಆಟಗಾರ್ತಿಯರ ಬೆನ್ನಿಗೆ ಜಿಪಿಎಸ್ ಕಟ್ಟಿ ಅಳೆಯೋದು ಈಗ ಹೊರದೇಶಗಳಲ್ಲಿ ಮಾಮೂಲಿ. ಆ ಅಳತೆ ಪ್ರಕಾರ 15 ವರ್ಷದೊಳಗಿನ ಹುಡ್ಗೀರು ಪೂರ್ತಿ ಮ್ಯಾಚಲ್ಲಿ ಹತ್ತತ್ರ 7 ಕಿ.ಮೀ. ಓಡಾಡ್ತಾರೆ, 17ರ ಹತ್ರ ಬಂದೋರು 8ರಿಂದ 9 ಕಿ.ಮೀ., ದೊಡ್ಡ ಲೆವೆಲ್ಲಿನ ಹೆಂಗಸರ ಫುಟ್ಬಾಲಲ್ಲಿ 10 ಕಿ.ಮೀ. ಆಸುಪಾಸು. ಈಗ ಒಂದು ತಮಾಷೆ ನೋಡಿ. ಚಿಕ್ಕೋರ 80 ನಿಮಿಷದ ಮ್ಯಾಚಿಗೆ 7 ಕಿ.ಮೀ. ಅಂದ್ರೆ ಗಂಟೆಗೆ ಐದು ಕಾಲು ಕಿ.ಮೀ. ಆಯ್ತು. ರತ್ನಗಿರಿ ಬೋರೇಲಿ ಬೆಳಗ್ಗೆ ಸ್ವೆಟರ್ ಹಾಕ್ಕೊಂಡು ವಾಕಿಂಗ್ ಬರೋ ರಿಟೈರ್ಡ್ ಅಂಕಲ್‌ಗಳೂ ಬಿರುಸಾಗಿ ನಡೆದ್ರೆ ಅದೇ ಸ್ಪೀಡು! ಅಂದ್ಮೇಲೆ ಹುಡ್ಗೀರು ಸುಸ್ತಾಗೋದು ಯಾಕೆ?

ಯಾಕಂದ್ರೆ ಆ ಸರಾಸರಿ ಅನ್ನೋದು ನಿಜಾನ ಮುಚ್ಚಿಡುತ್ತೆ. ಮ್ಯಾಚಲ್ಲಿ ಯಾರೂ ಒಂದೇ ಸ್ಪೀಡಲ್ಲಿ ಓಡಲ್ಲ. ನಡೀತಾರೆ, ಜಾಗಿಂಗ್ ಮಾಡ್ತಾರೆ, ಸಡನ್ನಾಗಿ ನಾಲ್ಕು ಹೆಜ್ಜೆ ಜೋರಾಗಿ ಕಿತ್ಕೊಂಡು ಹೋಗ್ತಾರೆ, ಗಕ್ಕನೆ ನಿಲ್ತಾರೆ, ತಿರುಗ್ತಾರೆ, ಹಿಂದಕ್ಕೆ ಸರೀತಾರೆ, ಜಂಪ್ ಮಾಡ್ತಾರೆ, ಭುಜಕ್ಕೆ ಭುಜ ತಾಗಿಸಿ ತಳ್ಳಾಡ್ತಾರೆ. ದೊಡ್ಡೋರ ಆಟದ ಲೆಕ್ಕ ನೋಡಿದ್ರೆ ನಾಲ್ಕರಿಂದ ಆರು ಸೆಕೆಂಡಿಗೊಂದ್ಸಲ ಮೈ ಮಾಡೋ ಕೆಲಸ ಬದಲಾಗುತ್ತೆ, ಹಾಗಾಗಿ ಒಂದು ಮ್ಯಾಚಲ್ಲಿ ಸಾವಿರಕ್ಕಿಂತ ಜಾಸ್ತಿ ಸಲ. ಪೂರ್ತಿ ಜೋರಿನ ಸ್ಪ್ರಿಂಟ್ ಸರಾಸರಿ ಒಂದೂವರೆ ನಿಮಿಷಕ್ಕೊಂದು, ಅದೂ ಎರಡರಿಂದ ನಾಲ್ಕು ಸೆಕೆಂಡಿನದ್ದು. ಚಾರ್ಮಾಡಿ ಘಾಟಿ ಹತ್ತೋ ಬಸ್ಸು ಡೀಸಲ್ ಕುಡಿಯೋದು ಕಿಲೋಮೀಟರ್ ಜಾಸ್ತಿ ಅಂತ ಅಲ್ವಲ್ಲ, ತಿರುವಿಗೊಂದ್ಸಲ ಬ್ರೇಕು, ಮತ್ತೆ ಪಿಕಪ್ಪು, ಮತ್ತೆ ಬ್ರೇಕು, ಅದಕ್ಕೆ. ಮ್ಯಾಚೂ ಹಾಗೇನೇ. ನಿಂತಲ್ಲಿಂದ ಸ್ಪೀಡ್ ಎತ್ಕೊಳ್ಳೋದಕ್ಕೂ, ಬರ್ತಿರೋ ಸ್ಪೀಡನ್ನ ಎರಡು ಹೆಜ್ಜೇಲಿ ಕೊಲ್ಲೋದಕ್ಕೂ ಕಾಲಿನ ಸ್ನಾಯು ಕೊಡೋ ಬೆಲೆ ಒಂದೇ ಸಮ ಓಡೋದಕ್ಕಿಂತ ಎಷ್ಟೋ ಜಾಸ್ತಿ.

ಮೈಯೊಳಗೆ ನಡೆಯೋದು ಹೀಗೆ. ಎರಡು ಮೂರು ಸೆಕೆಂಡಿನ ಸ್ಪ್ರಿಂಟಿಗೆ ಬೇಕಾದ ಶಕ್ತಿ ಸ್ನಾಯುವಿನಲ್ಲೇ ರೆಡಿ ಇರುತ್ತೆ, ಫಾಸ್ಫೋಕ್ರಿಯಾಟಿನ್ ಅಂತ ಅದರ ಹೆಸರು, ಉಸಿರಿಗೂ ಅದಕ್ಕೂ ಆ ಹೊತ್ತಿಗೆ ಸಂಬಂಧ ಇಲ್ಲ. ಖಾಲಿಯಾದದ್ದು ಅರ್ಧ ತುಂಬೋಕೆ ಅರ್ಧ ನಿಮಿಷ ಸಾಕು, ಪೂರ್ತಿ ತುಂಬೋಕೆ ಮೂರು ನಾಲ್ಕು ನಿಮಿಷ ಬೇಕು. ಈ ತುಂಬಿಸೋ ಕೆಲಸ ಮಾತ್ರ ಉಸಿರಿನದ್ದು, ಆಮ್ಲಜನಕದ್ದು. ಹಾಗಾಗಿ ದಮ್ಮು ಬೇಡವೇ ಬೇಡ ಅಂತ ನಾನು ಹೇಳ್ತಿಲ್ಲ, ದಮ್ಮಿನ ಕೆಲಸ ಏನು ಅಂತ ಹೇಳ್ತಿದೀನಿ. ಒಂದು ಸ್ಪ್ರಿಂಟಿಂದ ಇನ್ನೊಂದು ಸ್ಪ್ರಿಂಟಿನೊಳಗೆ ಮೈಯನ್ನ ರಿಪೇರಿ ಮಾಡಿ ಕೊಡೋದು. ಎದುರಾಳಿ ಟೀಮು ಮೇಲಿಂದ ಮೇಲೆ ಅಟ್ಯಾಕ್ ಮಾಡ್ತಿದ್ರೆ ಆ ರಿಪೇರಿಗೆ ಟೈಮೇ ಸಿಗಲ್ಲ, ಐದು ನಿಮಿಷ ಹೀಗೆ ಜೋರಾಗಿ ನಡೆದ್ರೆ ಅದಾದ ಮೇಲಿನ ಐದು ನಿಮಿಷ ಎಂಥಾ ಆಟಗಾರ್ತಿಯಾದ್ರೂ ಸಪ್ಪೆ ಆಗ್ತಾಳೆ. ನೀವು ಗ್ಯಾಲರೀಲಿ ಕೂತು ನೋಡಿದ ಸೊಂಟದ ಮೇಲಿನ ಕೈ, ಬಹಳಷ್ಟು ಸಲ ಇದೇ.

ಹತ್ತು ರೌಂಡು ಒಂದೇ ಸಮ ಓಡಿಸಿದ್ರೆ ಹತ್ತು ರೌಂಡು ಒಂದೇ ಸಮ ಓಡೋದು ಚೆನ್ನಾಗಿ ಬರುತ್ತೆ. ಬ್ರೇಕ್ ಹಾಕೋದು ಬರಲ್ಲ, ತಿರುಗೋದು ಬರಲ್ಲ.

ಸ್ಪೀಡಿನ ಅಳತೇಲೂ ಒಂದು ಅನ್ಯಾಯ ಇದೆ. ಗಂಡಸರ ಫುಟ್ಬಾಲಲ್ಲಿ ಗಂಟೆಗೆ 25 ಕಿ.ಮೀ. ದಾಟಿದ್ರೆ ಸ್ಪ್ರಿಂಟ್ ಅಂತ ಲೆಕ್ಕ ಹಾಕೋದು ರೂಢಿ. ಅದು ನೂರು ಮೀಟರನ್ನ ಹದಿನಾಲ್ಕೂವರೆ ಸೆಕೆಂಡಲ್ಲಿ ಮುಗಿಸೋ ಸ್ಪೀಡು, ಅದೂ ಅಥ್ಲೆಟಿಕ್ಸ್ ಟ್ರ್ಯಾಕಲ್ಲಿ ಅಲ್ಲ, ಬೂಟು ಹಾಕ್ಕೊಂಡು ಹುಲ್ಲು ಮಣ್ಣಿನ ಮೇಲೆ. ಇದನ್ನೇ ಹದಿನಾಲ್ಕರ ಹುಡ್ಗಿಗೆ ಹಾಕಿದ್ರೆ ರಿಪೋರ್ಟಲ್ಲಿ ಅವಳ ಸ್ಪ್ರಿಂಟು ಸೊನ್ನೆ ಅಂತ ಬರಬಹುದು, ಅವಳು ಪಾಪ ಇಡೀ ಮ್ಯಾಚು ತನ್ನ ಕೈಲಾದಷ್ಟೂ ಜೋರಾಗಿ ಓಡಿರ್ತಾಳೆ. ಅದಕ್ಕೇ ಹೆಂಗಸರ ಆಟ ಸ್ಟಡಿ ಮಾಡೋರು ಸ್ಪ್ರಿಂಟಿನ ಗೆರೇನ ಗಂಟೆಗೆ 20 ಕಿ.ಮೀ. ಆಸುಪಾಸಿಗೆ ಇಳಿಸ್ಕೊಂಡಿದಾರೆ. ಇದು ರಿಯಾಯಿತಿ ಕೊಟ್ಟಂಗೆ ಅಂತ ಕೆಲವ್ರು ಗೊಣಗ್ತಾರೆ. ಅಲ್ಲ, ಯಾರ ಮೈ ಅಳೀತಿದೀವೋ ಅವ್ರ ಮೈಗೆ ತಕ್ಕ ಅಳತೆಗೋಲು ಅಷ್ಟೆ. ಮಕ್ಕಳ ಕೈಗೆ ಸ್ಮಾರ್ಟ್ ವಾಚ್ ಕಟ್ಟಿ "ನಿನ್ನ ಸ್ಪ್ರಿಂಟೇ ಇಲ್ವಲ್ಲಮ್ಮ" ಅನ್ನೋ ಅಪ್ಪಂದಿರು ಇದನ್ನ ಸ್ವಲ್ಪ ಗಮನಿಸ್ಬೇಕು.

ಯಾವ ಪೊಸಿಷನ್ ಅನ್ನೋದ್ರ ಮೇಲೂ ಎಲ್ಲ ಬದಲಾಗುತ್ತೆ. ಒಟ್ಟು ದೂರ ಜಾಸ್ತಿ ಓಡೋದು ಸಾಮಾನ್ಯವಾಗಿ ಮಧ್ಯದ ಮಿಡ್‌ಫೀಲ್ಡರು, ಜೋರಿನ ಓಟ ಜಾಸ್ತಿ ಇರೋದು ಸೈಡಲ್ಲಿ ಆಡೋರಿಗೆ ಮತ್ತೆ ಫಾರ್ವರ್ಡ್‌ಗಳಿಗೆ, ಗೋಲ್‌ಕೀಪರ್ ಬಿಟ್ರೆ ಸೆಂಟರ್ ಬ್ಯಾಕ್‌ಗಳು (ಗೋಲಿನ ಮುಂದೆ ಮಧ್ಯದಲ್ಲಿ ನಿಂತು ತಡೆಯೋರು) ಎಲ್ಲರಿಗಿಂತ ಕಮ್ಮಿ. ಎಲ್ಲರಿಗೂ ಒಂದೇ ಟ್ರೈನಿಂಗ್ ಕೊಡೋದು ಇದಕ್ಕೇ ಸರಿ ಹೋಗಲ್ಲ. ಆದ್ರೆ ಹದಿಮೂರು ಹದಿನಾಲ್ಕಕ್ಕೇ ಒಬ್ಬಳನ್ನ "ನೀನು ಬ್ಯಾಕು" ಅಂತ ಪರ್ಮನೆಂಟಾಗಿ ನಿಲ್ಲಿಸೋದೂ ತಪ್ಪೇ, ಅದು ಬೇರೆ ಜಗಳ, ಇವತ್ತು ಬೇಡ.

ಈಗ ನಂಗೆ ಮುಖ್ಯ ಅನ್ಸೋ ವಿಷ್ಯಕ್ಕೆ ಬರ್ತೀನಿ, ಟೆಕ್ನಿಕ್ಕು. ಓಟ ಬೇರೆ, ಆಟ ಬೇರೆ ಅಂತ ನಾವು ಎರಡು ಡಬ್ಬಿ ಮಾಡಿ ಇಟ್ಟಿದೀವಿ, ನಿಜವಾಗ್ಲೂ ಅವೆರಡೂ ಒಂದೇ ಲೆಕ್ಕದ ಪುಸ್ತಕದಲ್ಲಿರೋವು. ಒಬ್ಬಳು ಆಟಗಾರ್ತಿ ಹತ್ರ ಇಡೀ ಮ್ಯಾಚಲ್ಲಿ ಬಾಲ್ ಇರೋದು ಒಟ್ಟು ಒಂದೆರಡು ನಿಮಿಷ ಮಾತ್ರ. ಆ ಒಂದೆರಡು ನಿಮಿಷ ಹೇಗೆ ಹೋಯ್ತು ಅನ್ನೋದು ಮಿಕ್ಕ ಎಪ್ಪತ್ತೆಂಟು ನಿಮಿಷ ಎಷ್ಟು ಓಡಬೇಕು ಅಂತ ತೀರ್ಮಾನ ಮಾಡುತ್ತೆ. ಪಾಸ್ ಬಂತು ಅನ್ಕೊಳ್ಳಿ, ಫಸ್ಟ್ ಟಚ್ಚಲ್ಲಿ ಬಾಲ್ ಕಾಲಿಂದ ಎರಡು ಮೀಟರ್ ಆಚೆ ಹಾರ್ತು. ಅವಳು ಅದರ ಹಿಂದೆ ಓಡಬೇಕು, ಅಷ್ಟೊತ್ತಿಗೆ ಎದುರಿನವಳೂ ಬಂದಿರ್ತಾಳೆ, ಡಿಕ್ಕಿ, ಬಾಲ್ ಹೋಯ್ತು. ಈಗ ಅವಳೊಬ್ಬಳೇ ಅಲ್ಲ, ಮುಂದೆ ಹೋಗಿದ್ದ ಆರೇಳು ಜನ ತಿರುಗಿ ಮೂವತ್ತು ನಲವತ್ತು ಮೀಟರ್ ವಾಪಸ್ ಓಡಬೇಕು. ಒಂದು ಕೆಟ್ಟ ಟಚ್ಚಿಗೆ ಇಡೀ ಟೀಮು ದಂಡ ಕಟ್ಟುತ್ತೆ. ಇಂಥದ್ದು ಮ್ಯಾಚಲ್ಲಿ ಐವತ್ತು ಸಲ ಆದ್ರೆ ಯಾವ ದಮ್ಮು ಉಳಿಯುತ್ತೆ ಹೇಳಿ.

ಉಲ್ಟಾನೂ ನಿಜ. ಕಾಲು ಸುಸ್ತಾದಾಗ ಮೊದ್ಲು ಕೆಡೋದು ಟಚ್ಚು. ಮಂಡಿ ಬಗ್ಗಲ್ಲ, ಸಪೋರ್ಟ್ ಕಾಲು ಸರಿಯಾದ ಜಾಗಕ್ಕೆ ಬರಲ್ಲ, ಪಾದದ ಒಳಮೈಯಿಂದ ತಳ್ಳಬೇಕಾದ ಪಾಸನ್ನ ಬೆರಳ ತುದೀಲಿ ಒದೀತಾರೆ. ಹೀಗೆ ಸುಸ್ತು ಟೆಕ್ನಿಕ್ ಕೆಡಿಸುತ್ತೆ, ಟೆಕ್ನಿಕ್ ಸುಸ್ತು ತರುತ್ತೆ, ಎರಡೂ ಒಂದನ್ನೊಂದು ತಿನ್ನುತ್ತಾ ಹೋಗುತ್ತೆ.

ಫಸ್ಟ್ ಟಚ್ಚಿಗಿಂತ ಮುಂಚೆ ಇನ್ನೊಂದು ಇದೆ, ಅದನ್ನ ನಮ್ಮ ಕಡೆ ಕಲಿಸೋದೇ ಕಮ್ಮಿ. ಬಾಲ್ ಬರೋಕೆ ಮುಂಚೆ ತಲೆ ತಿರುಗಿಸಿ ಹಿಂದೆ ಮುಂದೆ ಯಾರಿದಾರೆ ಅಂತ ನೋಡ್ಕೊಳ್ಳೋದು. ನಾರ್ವೆಯ ಗೇರ್ ಯೋರ್ಡೆಟ್ ಅನ್ನೋ ಪ್ರೊಫೆಸರು ವರ್ಷಾನುಗಟ್ಟಲೆ ಇದನ್ನೇ ಸ್ಟಡಿ ಮಾಡಿದಾರೆ, ಬಾಲ್ ಸಿಗೋಕೆ ಮುಂಚಿನ ಸೆಕೆಂಡುಗಳಲ್ಲಿ ಜಾಸ್ತಿ ಸಲ ತಲೆ ತಿರುಗಿಸೋ ಆಟಗಾರರ ಪಾಸು ಜಾಸ್ತಿ ಸರಿ ಹೋಗುತ್ತೆ ಅಂತ ತೋರಿಸಿದಾರೆ. 2022ರ ಅಕ್ಟೋಬರಲ್ಲಿ 17 ವರ್ಷದೊಳಗಿನ ಹುಡ್ಗೀರ ವರ್ಲ್ಡ್ ಕಪ್ ನಮ್ಮಲ್ಲೇ ಆಯ್ತಲ್ಲ, ಭುವನೇಶ್ವರ, ಗೋವಾ, ನವಿ ಮುಂಬೈಲಿ. ಭಾರತ ಅಮೆರಿಕಕ್ಕೆ 8-0, ಮೊರಾಕ್ಕೊಗೆ 3-0, ಬ್ರೆಜಿಲಿಗೆ 5-0 ಸೋತಿದ್ದು. ಆ ಅಮೆರಿಕದ ಮ್ಯಾಚಲ್ಲಿ ನನ್ನ ಕಣ್ಣಿಗೆ ಕಂಡಿದ್ದು ಅವ್ರ ಓಟಕ್ಕಿಂತ ಇದು: ಬಾಲ್ ಕಾಲಿಗೆ ಬರೋಷ್ಟರಲ್ಲಿ ಅವ್ರ ಮೈ ಆಗ್ಲೇ ಮುಂದಿನ ಪಾಸಿನ ಕಡೆ ತಿರುಗಿರ್ತಿತ್ತು. ನಮ್ಮೋರು ಬಾಲ್ ನಿಲ್ಲಿಸಿ, ಆಮೇಲೆ ತಲೆ ಎತ್ತಿ, ಆಮೇಲೆ ಯೋಚನೆ ಮಾಡೋರು. ಆ ಲೆವೆಲ್ಲಲ್ಲಿ ಒಂದು ಸೆಕೆಂಡ್ ಲೇಟು ಅಂದ್ರೆ ಕಥೆ ಮುಗೀತು ಅಂತಾನೇ.

ಸಾಮಾನಿನ ವಿಷ್ಯ. 12 ವರ್ಷದವರೆಗೆ ಸಾಮಾನ್ಯವಾಗಿ 4ನೇ ಸೈಜಿನ ಬಾಲ್ ಆಡಿಸ್ಬೇಕು, ಅದು 350ರಿಂದ 390 ಗ್ರಾಂ ಇರುತ್ತೆ. ದೊಡ್ಡೋರ 5ನೇ ಸೈಜು 410ರಿಂದ 450 ಗ್ರಾಂ. ನಮ್ಮ ಎಷ್ಟೋ ಸ್ಕೂಲಲ್ಲಿ ಇರೋದೇ ಒಂದು ಬಾಲು, ಅದು 5ನೇ ಸೈಜು, ಆರನೇ ಕ್ಲಾಸಿಂದ ಹತ್ತನೇ ಕ್ಲಾಸ್‌ವರೆಗೂ ಅದೇ. ಅಗ್ಗದ ಹೊಲಿಗೆ ಬಾಲಾದ್ರೆ ಆಗಸ್ಟ್ ಮಳೇಲಿ ನೀರು ಕುಡ್ದು ಇನ್ನೂ ಭಾರ. ಗೋಲ್ ಪೋಸ್ಟ್ 7.32 ಮೀಟರ್ ಅಗಲ, 2.44 ಮೀಟರ್ ಎತ್ತರ, ಅದು ಗಂಡಸರಿಗೂ ಅದೇ, ಒಂದೂವರೆ ಮೀಟರ್ ಎತ್ತರದ ಹದಿಮೂರರ ಗೋಲ್‌ಕೀಪರ್‌ಗೂ ಅದೇ. ಮೇಲಿಂದ ಬಂದ ಬಾಲಿಗೆ ಅವಳು ಎಷ್ಟು ಎಗರಿದ್ರೂ ಕೈ ಸಿಗಲ್ಲ, ಇದಕ್ಕೆ ಅವಳನ್ನ ಬೈದು ಏನು ಪ್ರಯೋಜನ? ವಯಸ್ಸಿಗೆ ತಕ್ಕಂಗೆ ಗ್ರೌಂಡು, ಗೋಲು, ಬಾಲು, ಟೈಮು ಎಲ್ಲಾ ಚಿಕ್ಕದು ಮಾಡ್ಕೊಳ್ಳೋಕೆ ಫುಟ್ಬಾಲ್ ನಿಯಮದಲ್ಲೇ ಅವಕಾಶ ಇದೆ, ನಾವು ಉಪಯೋಗಿಸ್ಕೊಳ್ಳಲ್ಲ ಅಷ್ಟೆ. ಹೆಡ್ಡಿಂಗ್, ಅಂದ್ರೆ ತಲೇಲಿ ಬಾಲ್ ಹೊಡೆಯೋದು, ಅದರ ಬಗ್ಗೆ ಒಂದೇ ಮಾತು: ಅಮೆರಿಕದಲ್ಲಿ 10 ವರ್ಷ ಮತ್ತು ಅದಕ್ಕಿಂತ ಚಿಕ್ಕೋರಿಗೆ ಹೆಡ್ಡಿಂಗೇ ಇಲ್ಲ, ಇಂಗ್ಲೆಂಡಲ್ಲಿ 2020ರಿಂದ ಪ್ರೈಮರಿ ಮಕ್ಕಳ ಪ್ರಾಕ್ಟೀಸಲ್ಲಿ ಹೆಡ್ಡಿಂಗ್ ಬೇಡ ಅಂತ ಹೇಳಿದಾರೆ.

ಮತ್ತೆ ಗ್ರೌಂಡು. ನಮ್ಮ ಜಿಲ್ಲೆ ಒಂದೇ ಆದ್ರೂ ಗ್ರೌಂಡು ಎರಡು ಥರ. ಕಡೂರು ಕಡೆ ಬಯಲುಸೀಮೆ, ನೆಲ ಕಲ್ಲಿನ ಹಾಗೆ ಗಟ್ಟಿ, ಬಾಲ್ ಪುಟಪುಟ ಪುಟಿಯುತ್ತೆ. ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಮಳೆಗಾಲದಲ್ಲಿ ಕೆಸರು, ಬಾಲ್ ಮಧ್ಯದಲ್ಲೇ ನಿಂತ್ಬಿಡುತ್ತೆ. ಸ್ಕೂಲ್ ಕ್ರೀಡಾಕೂಟದ ಸೀಸನ್ನೂ ಮಳೆ ಸೀಸನ್ನೂ ಒಟ್ಟೊಟ್ಟಿಗೇ ಬರೋದು ನಮ್ಮ ಪುಣ್ಯ! ಕೆಸರಲ್ಲಿ ಒಂದೊಂದು ಹೆಜ್ಜೆಗೂ ಮೀನಖಂಡ, ತೊಡೆ ಜಾಸ್ತಿ ದುಡೀಬೇಕು, ಅಲ್ಲಿ ಒಟ್ಟು ದೂರ ಕಮ್ಮಿ ಬಂದ್ರೂ ಸುಸ್ತು ಜಾಸ್ತಿ. ಗಟ್ಟಿ ನೆಲದ ಕಷ್ಟ ಬೇರೆ, ಅಲ್ಲಿ ಉದ್ದ ಸ್ಟಡ್ಡಿನ (ಅಡಿಯಲ್ಲಿರೋ ಮೊಳೆಯಂಥ ಗುಬುಟು) ಬೂಟು ಹಾಕಿದ್ರೆ ಸ್ಟಡ್ಡು ನೆಲ ಹಿಡ್ಕೊಂಡಾಗ ಮೈ ತಿರುಗುತ್ತೆ, ಪಾದ ತಿರುಗಲ್ಲ, ಮಧ್ಯದಲ್ಲಿ ಸಿಕ್ಕಾಕ್ಕೊಳ್ಳೋದು ಮಂಡಿ. ಕೆಸರಿಗೆ ಉದ್ದ ಸ್ಟಡ್ಡು, ಗಟ್ಟಿ ನೆಲಕ್ಕೆ ಗಿಡ್ಡ ಸ್ಟಡ್ಡು, ಎರಡು ಜೊತೆ ತಗೊಳ್ಳೋ ದುಡ್ಡಿಲ್ಲ ಅಂದ್ರೆ ಗಿಡ್ಡದೇ ವಾಸಿ, ಜಾರಿ ಬಿದ್ರೆ ಬಟ್ಟೆ ಕೊಳೆ ಆಗುತ್ತೆ ಅಷ್ಟೆ. ಇನ್ನು ಊರು ಎತ್ತರದಲ್ಲಿದೆ, ಗಾಳಿ ತೆಳು, ಅದಕ್ಕೇ ಸುಸ್ತು ಅನ್ನೋರಿದಾರೆ. ಚಿಕ್ಕಮಗಳೂರು ಇರೋದು ಸಾವಿರ ಮೀಟರಿಗಿಂತ ಸ್ವಲ್ಪ ಮೇಲೆ, ಅಷ್ಟಕ್ಕೆಲ್ಲ ನೆಪ ಹೇಳ್ಬಾರ್ದು, ಅದೂ ಇಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ.

ಮಂಡಿ ಅಂದ್ನಲ್ಲ, ಅದನ್ನ ಬಿಡಿಸಿ ಹೇಳ್ಲೇಬೇಕು. ಮಂಡಿಯೊಳಗೆ ಎಸಿಎಲ್ ಅಂತ ಒಂದು ಹುರಿ ಇದೆ, ತೊಡೆ ಮೂಳೆ ಕೆಳಗೆ ಕಾಲಿನ ಮೂಳೆ ಮುಂದಕ್ಕೆ ಜಾರದಂಗೆ ಹಿಡ್ಕೊಂಡಿರುತ್ತೆ. ಅದು ಹರಿದ್ರೆ ಆಟಕ್ಕೆ ವಾಪಸ್ ಬರೋಕೆ ಎಂಟೊಂಬತ್ತು ತಿಂಗಳು, ಕೆಲವ್ರು ಬರೋದೇ ಇಲ್ಲ. ಈ ಏಟು ಹುಡುಗ್ರಿಗಿಂತ ಹುಡ್ಗೀರಿಗೆ ಎರಡರಿಂದ ಮೂರು ಪಟ್ಟು ಜಾಸ್ತಿ. ಬಹಳಷ್ಟು ಸಲ ಯಾರೂ ಗುದ್ದಿರಲ್ಲ, ಒಬ್ಬಳೇ ಓಡ್ಕೊಂಡು ಬಂದು ಗಕ್ಕನೆ ತಿರುಗಿದಾಗ, ಇಲ್ಲ ಜಂಪ್ ಮಾಡಿ ಒಂಟಿ ಕಾಲಲ್ಲಿ ಇಳಿದಾಗ ಆಗುತ್ತೆ. ಹುಡ್ಗೀರು ಅತೀ ಬೇಗ ಎತ್ತರ ಬೆಳೆಯೋದು ಹನ್ನೆರಡರ ಆಸುಪಾಸಲ್ಲಿ, ಹುಡುಗ್ರು ಹದಿನಾಲ್ಕರ ಹತ್ರ. ಹುಡುಗ್ರಿಗೆ ಆ ಎತ್ತರದ ಜೊತೆಗೇ ಸ್ನಾಯು ಬಲ ಸಿಕ್ಕಾಪಟ್ಟೆ ಬರುತ್ತೆ. ಹುಡ್ಗೀರಿಗೆ ಮೂಳೆ ಉದ್ದ ಆಗುತ್ತೆ, ತೂಕ ಬರುತ್ತೆ, ಅದನ್ನ ಹಿಡಿದು ನಿಲ್ಲಿಸೋ ಬಲ ಅಷ್ಟೇ ವೇಗದಲ್ಲಿ ತಾನಾಗೇ ಬರಲ್ಲ, ಕಟ್ಟಿಕೊಳ್ಬೇಕು. ಜಂಪ್ ಮಾಡಿ ಇಳಿಯುವಾಗ ಎರಡೂ ಮಂಡಿ ಒಳಕ್ಕೆ ಬೀಳ್ತಿದ್ರೆ ಅದೇ ಎಚ್ಚರಿಕೆ ಗಂಟೆ. ನಿಮ್ಮ ಮಗಳನ್ನ ಒಂದು ಮೆಟ್ಟಿಲಿಂದ ಜಂಪ್ ಮಾಡಿಸಿ ಎದುರಿಂದ ಮೊಬೈಲಲ್ಲಿ ವಿಡಿಯೋ ಮಾಡಿ ನೋಡಿ, ಗೊತ್ತಾಗುತ್ತೆ.

ಇದಕ್ಕೆ ಪರಿಹಾರ ಇದೆ, ದುಡ್ಡೂ ಬೇಕಿಲ್ಲ. ಫಿಫಾದವರ 11 ಪ್ಲಸ್ ಅಂತ ಒಂದು ವಾರ್ಮ್ ಅಪ್ಪು, ಒಟ್ಟು 15 ವ್ಯಾಯಾಮ, 20 ನಿಮಿಷ. ಮೊದ್ಲು ಎಂಟು ನಿಮಿಷ ನಿಧಾನ ಓಟ, ಆಮೇಲೆ ಹತ್ತು ನಿಮಿಷ ಬಲ, ಬ್ಯಾಲೆನ್ಸ್, ಜಂಪು, ಕೊನೇಲಿ ಎರಡು ನಿಮಿಷ ಜೋರು ಓಟ ಮತ್ತು ತಿರುವು. ಅದರಲ್ಲಿ ಒಂದಂತೂ, ಮಂಡಿ ಊರಿ ಕೂತ್ಕೊಂಡು ಹಿಂದೆ ಒಬ್ಬಳು ಹಿಮ್ಮಡಿ ಹಿಡ್ಕೊಂಡಿರ್ಬೇಕು, ಮುಂದಿನವಳು ಬೆನ್ನು ನೆಟ್ಟಗೆ ಇಟ್ಕೊಂಡು ನಿಧಾನವಾಗಿ ಮುಂದಕ್ಕೆ ಬೀಳ್ಬೇಕು, ತೊಡೆ ಹಿಂಭಾಗ ಉರಿಯುತ್ತೆ ನೋಡಿ! ನಾರ್ವೆಲಿ 13ರಿಂದ 17 ವರ್ಷದ ಸುಮಾರು 1,900 ಹುಡ್ಗೀರ ಮೇಲೆ ಇದನ್ನ ಪರೀಕ್ಷೆ ಮಾಡಿ 2008ರಲ್ಲಿ ಫಲಿತಾಂಶ ಪ್ರಕಟಿಸಿದ್ರು. ಮಾಡಿದ ಟೀಮುಗಳಲ್ಲಿ ಒಟ್ಟು ಏಟು ಮೂರರಲ್ಲೊಂದು ಭಾಗದಷ್ಟು ಕಮ್ಮಿ, ದೊಡ್ಡ ಏಟು ಹತ್ತತ್ರ ಅರ್ಧಕ್ಕೆ ಇಳೀತು. ಆ ಹತ್ತು ರೌಂಡಿನ ಟೈಮಲ್ಲಿ ಇದನ್ನ ಮಾಡಿಸಿದ್ರೆ ಸಾಕು. ವಾರಕ್ಕೆ ಎರಡು ಸಲನಾದ್ರೂ ಬೇಕು, ಜಿಲ್ಲಾ ಮಟ್ಟದ ಮ್ಯಾಚಿನ ಹಿಂದಿನ ದಿನ ಒಂದ್ಸಲ ಮಾಡಿಸಿ ಫೋಟೋ ಹಾಕಿದ್ರೆ ಏನೂ ಆಗಲ್ಲ.

ಇನ್ನು ರಕ್ತ. ದಮ್ಮಿಲ್ಲ ಅನ್ನೋ ಮಾತಲ್ಲಿ ನಿಜ ಇರೋ ಜಾಗ ಇದೊಂದೇ ಅಂತ ನಂಗನ್ಸುತ್ತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡ್ಗೀರಲ್ಲಿ ನೂರಕ್ಕೆ 59 ಜನಕ್ಕೆ ರಕ್ತಹೀನತೆ. ಹನ್ನೊಂದು ಜನದ ಟೀಮಲ್ಲಿ ಆರು ಜನ ಅನ್ಕೊಳ್ಳಿ. ಹಿಮೋಗ್ಲೋಬಿನ್ ಕಮ್ಮಿ ಅಂದ್ರೆ ಆಮ್ಲಜನಕ ಹೊರೋ ಗಾಡಿಗಳೇ ಕಮ್ಮಿ, ಆಗ ಸ್ಪ್ರಿಂಟಿನ ನಡುವಿನ ಆ ರಿಪೇರಿ ಕೆಲಸ ನಿಧಾನ ಆಗುತ್ತೆ, ಎಷ್ಟು ರೌಂಡ್ ಓಡಿಸಿದ್ರೂ ಸರಿ ಹೋಗಲ್ಲ. ಪ್ರತಿ ತಿಂಗಳ ಮುಟ್ಟಲ್ಲಿ ಕಬ್ಬಿಣ ಹೋಗುತ್ತೆ, ತಿನ್ನೋದ್ರಲ್ಲಿ ಅಷ್ಟು ವಾಪಸ್ ಬರಲ್ಲ. ಸ್ಕೂಲಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡ್ತಾರಲ್ಲ, ಅದು ಇದಕ್ಕೇನೆ, ಬಾಯಿಗೆ ಹಾಕ್ಕೊಂಡಂಗೆ ಮಾಡಿ ಕಿಟಕಿಯಿಂದ ಆಚೆ ಬಿಸಾಕೋದಲ್ಲ. ಕಾಫಿ ನಾಡಲ್ಲಿ ಇದನ್ನ ಹೇಳಿದ್ರೆ ಜಗಳಕ್ಕೆ ಬರ್ತಾರೆ, ಆದ್ರೂ ಹೇಳ್ತೀನಿ: ಊಟ ತಿಂಡಿ ಜೊತೆಗೆ ಕಾಫಿ, ಟೀ ಕುಡಿದ್ರೆ ಸೊಪ್ಪು ಕಾಳಲ್ಲಿರೋ ಕಬ್ಬಿಣ ಮೈಗೆ ಹತ್ತೋದು ಕಮ್ಮಿ ಆಗುತ್ತೆ. ಒಂದೆರಡು ಗಂಟೆ ಬಿಟ್ಟು ಕುಡೀಲಿ. ಊಟಕ್ಕೆ ನಿಂಬೆಹಣ್ಣು ಹಿಂಡ್ಕೊಂಡ್ರೆ ಉಲ್ಟಾ, ಜಾಸ್ತಿ ಹತ್ತುತ್ತೆ. ಮಟನ್ನು, ಲಿವರ್ರು ತಿನ್ನೋ ಮನೆಯಾದ್ರೆ ಮಗನ ತಟ್ಟೆಗೆ ಹಾಕಿದಷ್ಟೇ ಮಗಳ ತಟ್ಟೆಗೂ ಹಾಕಿ.

ಮುಟ್ಟಿನ ದಿನ ಆಡಬಾರದು ಅನ್ನೋದಕ್ಕೆ ವೈದ್ಯಕೀಯವಾಗಿ ಏನೂ ಆಧಾರ ಇಲ್ಲ, ಅವಳಿಗೆ ಆಗುತ್ತೆ ಅಂದ್ರೆ ಆಡಲಿ, ಹೊಟ್ಟೆ ನೋವು ಅಂದ್ರೆ ಕೂರಲಿ, ಅದನ್ನ ಅವಳೇ ಹೇಳ್ಬೇಕು. ಆದ್ರೆ ಟ್ರೈನಿಂಗ್ ಜಾಸ್ತಿ ಆಗಿ, ಊಟ ಕಮ್ಮಿ ಆಗಿ ಮೂರು ತಿಂಗಳು ಮುಟ್ಟೇ ಆಗ್ಲಿಲ್ಲ ಅಂದ್ರೆ "ಒಳ್ಳೇದಾಯ್ತು ಬಿಡು" ಅಂತ ಸುಮ್ನಿರ್ಬೇಡಿ, ಡಾಕ್ಟ್ರ ಹತ್ರ ಹೋಗಿ. ಮೈಗೆ ಶಕ್ತಿ ಸಾಲ್ತಿಲ್ಲ, ಮೂಳೆ ಸವೆಯೋ ದಾರಿ ಅದು.

ಟೂರ್ನಮೆಂಟಿನ ದಿನದ್ದು ಇನ್ನೊಂದು ಕಥೆ. ಶೃಂಗೇರಿ, ಕೊಪ್ಪ, ಎನ್ಆರ್ ಪುರದಿಂದ ಬೆಳಗಿನ ಜಾವದ ಬಸ್ಸು, ತಿರುವಲ್ಲಿ ವಾಂತಿ ಆಗುತ್ತೆ ಅಂತ ಖಾಲಿ ಹೊಟ್ಟೆ, ಬಂದಿಳಿದ ಕೂಡ್ಲೆ ಮೊದಲ ಮ್ಯಾಚು, ಗೆದ್ರೆ ಮಧ್ಯಾಹ್ನ ಸೆಮಿಫೈನಲ್ಲು, ಗೆದ್ರೆ ಸಂಜೆ ಫೈನಲ್ಲು. ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೋಜನ್, ಅಂದ್ರೆ ಸಕ್ಕರೆಯ ದಾಸ್ತಾನು, ಚೆನ್ನಾಗಿ ಖಾಲಿಯಾದ್ರೆ ಮತ್ತೆ ತುಂಬೋಕೆ ಒಂದು ದಿನನೇ ಬೇಕು, ಎರಡು ಗಂಟೇಲಿ ಆಗೋ ಕೆಲಸ ಅಲ್ಲ. ಇಂಥ ಫೈನಲ್ಲಲ್ಲಿ ಗೆಲ್ಲೋದು ಬೆಂಚಲ್ಲಿ ಐದು ಜನ ಚೆನ್ನಾಗಿ ಆಡೋರು ಇರೋ ಟೀಮೇ. ಅದಕ್ಕೆ ಮೊದಲ ಮ್ಯಾಚಲ್ಲಿ 3-0 ಮುಂದಿದ್ರೆ ಒಳ್ಳೇ ಹುಡ್ಗೀರನ್ನ ಆಚೆ ಕರೆದು ಕೂರಿಸಿ, ಇನ್ನೂ ಮೂರು ಗೋಲಿನ ಆಸೆ ಬೇಡ. ಮ್ಯಾಚ್ ಮುಗಿದ ಅರ್ಧ ಗಂಟೆಯೊಳಗೆ ಎರಡು ಬಾಳೆಹಣ್ಣು, ಮೊಸರವಲಕ್ಕಿ, ಸ್ವಲ್ಪ ಉಪ್ಪು ಸಕ್ಕರೆ ಹಾಕಿದ ಪಾನಕ. ಎಣ್ಣೇಲಿ ಮುಳುಗಿರೋ ಪೂರಿ ಸಾಗು ರಾತ್ರಿಗಿರ್ಲಿ.

ಪ್ರಾಕ್ಟೀಸ್ ಹೇಗೆ ಮಾಡಿಸೋದು ಅಂತ ಕೇಳ್ತೀರ. ನನ್ನ ಉತ್ತರ ಸರಳ, ಆಡಿಸಿ. ಪೂರ್ತಿ ಗ್ರೌಂಡಲ್ಲಿ ಹನ್ನೊಂದು ಹನ್ನೊಂದು ಆಡಿಸಿದ್ರೆ ಅರ್ಧ ಜನಕ್ಕೆ ಬಾಲೇ ಸಿಗಲ್ಲ. ಮೂವತ್ತು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲದಲ್ಲಿ ಚಪ್ಪಲಿ ಇಟ್ಟು ಗೋಲ್ ಮಾಡಿ ನಾಲ್ಕು ನಾಲ್ಕು ಜನ ಆಡಿಸಿ, ನಾಲ್ಕು ನಿಮಿಷ ಆಟ, ಎರಡು ನಿಮಿಷ ರೆಸ್ಟು, ಹೀಗೆ ಐದಾರು ಸಲ. ಎಲ್ಲರಿಗೂ ಬಾಲ್ ಸಿಗುತ್ತೆ, ಎಲ್ಲರೂ ನಿಲ್ಬೇಕು, ತಿರುಗ್ಬೇಕು, ಮತ್ತೆ ಓಡ್ಬೇಕು, ತಲೆ ಎತ್ತಿ ನೋಡದೆ ಇದ್ರೆ ಬಾಲ್ ಹೋಗುತ್ತೆ ಅಂತ ಯಾರೂ ಹೇಳದೇನೇ ಗೊತ್ತಾಗುತ್ತೆ. ನಡುನಡುವೆ ಹತ್ತು ನಿಮಿಷ ಎಡಗಾಲಲ್ಲಿ ಮಾತ್ರ ಅಂತ ರೂಲ್ಸ್ ಹಾಕಿ, ಮೊದಲ ವಾರ ಎಲ್ರೂ ನಗ್ತಾರೆ, ಮೂರನೇ ವಾರಕ್ಕೆ ಪಾಸು ಹೋಗೋಕೆ ಶುರುವಾಗುತ್ತೆ. ಮ್ಯಾಚಿನ ಹಿಂದಿನ ದಿನ ಮಾತ್ರ ಇದ್ಯಾವ್ದೂ ಬೇಡ, ಅರ್ಧ ಗಂಟೆ ಬಾಲ್ ಮುಟ್ಟಿಸಿ, ಕಾರ್ನರ್ ಕಿಕ್ಕಿಗೆ ಯಾರು ಎಲ್ಲಿ ನಿಲ್ಬೇಕು ಅಂತ ತೋರಿಸಿ, ಮನೆಗೆ ಕಳಿಸಿ.